ಡಿ.ಎಸ್.ಸಿ. ಗೆರೆ ಸಪಾಟಾಗಿ ಬಂದರೆ: ನ್ಯಾನೊ ಗ್ರೇನಿನ ನೈಟಿನಾಲ್‌ನಲ್ಲಿ ಮಾರ್ಟೆನ್ಸೈಟ್ ಎಲ್ಲಿ ಹೋಯಿತು?

ನೈಟಿನಾಲ್ (ನಿಕ್ಕಲ್-ಟೈಟೇನಿಯಂ ಮಿಶ್ರಲೋಹ) ಪಟ್ಟಿಯೊಂದನ್ನು ಕೋಲ್ಡ್ ರೋಲಿಂಗ್ ಮಾಡಿ, ಅಂದರೆ ಕಾಯಿಸದೆ ರೋಲರ್‌ಗಳ ನಡುವೆ ಒತ್ತಿ, ಅರ್ಧ ದಪ್ಪಕ್ಕೂ ಕಡಿಮೆ ಇಳಿಸಿದ್ದೆ. ಆಮೇಲೆ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಅನೀಲ್ ಮಾಡಿ (ಕಾಯಿಸಿಟ್ಟು), ಒಂದು ಚೂರು ಕತ್ತರಿಸಿ, ತಾಪ ಬದಲಾದಂತೆ ವಸ್ತು ಹೀರುವ-ಬಿಡುವ ಶಾಖವನ್ನು ಗೆರೆಯಾಗಿ ಬರೆಯುವ ಡಿ.ಎಸ್.ಸಿ. ಯಂತ್ರಕ್ಕೆ ಹಾಕಿದೆ. 100 ಡಿಗ್ರಿಯಿಂದ ಮೈನಸ್ 50ರ ತನಕ ಇಳಿಸಿ ಮತ್ತೆ ಏರಿಸಿದರೂ ಗೆರೆ ಇಸ್ತ್ರಿ ಹಾಕಿದಂತೆ ಸಪಾಟು. ರೋಲ್ ಮಾಡುವ ಮೊದಲು ಇದೇ ಪಟ್ಟಿ, ತಣಿಸುವಾಗ 40 ಡಿಗ್ರಿಯ ಹತ್ತಿರ ಕಣ್ಣಿಗೆ ರಾಚುವಂಥ ಪೀಕ್ ಕೊಟ್ಟಿತ್ತು, ಮಾರ್ಟೆನ್ಸೈಟ್ (ತಣಿದಾಗ ಹುಟ್ಟುವ ಹರಳಿನ ರೂಪ) ಆಗುವಾಗ ಬಿಡುವ ಶಾಖದ ಗುರುತು ಅದು.

ಗೆರೆ ನೋಡಿದ ಎಲ್ಲರದ್ದೂ ಒಂದೇ ಮಾತು: "ಗ್ರೇನ್ ಚಿಕ್ಕದಾಗಿದೆ, ಅದಕ್ಕೇ ಮಾರ್ಟೆನ್ಸೈಟ್ ಬರುತ್ತಿಲ್ಲ." ಗ್ರೇನ್ ಎಂದರೆ ಲೋಹದೊಳಗಿನ ಒಂದೊಂದು ಹರಳು. ಮಾತು ಸುಳ್ಳಲ್ಲ. ಆದರೆ ಗ್ರೇನ್ ಗಾತ್ರ ಎಂಬ ಕಾರಣಕ್ಕೆ ಒಂದು ಕೆಟ್ಟ ಗುಣವಿದೆ, ಅದು ಬೇರೆಲ್ಲ ತಪ್ಪುಗಳನ್ನೂ ತನ್ನ ಮಡಿಲಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಯಂತ್ರದ ಮಿತಿ, ಸಂಯೋಜನೆಯ ಏರುಪೇರು, ಜಾಲರಿಯ ಗೆರೆಯಂಥ ದೋಷಗಳಾಗಿ ಉಳಿದುಹೋದ ಡಿಸ್‌ಲೊಕೇಶನ್‌ಗಳು, ಅವಕ್ಷೇಪಗಳು (ಲೋಹದೊಳಗೆ ಬೇರೆ ಸಂಯೋಜನೆಯಲ್ಲಿ ಕಟ್ಟಿಕೊಳ್ಳುವ ಕಣಗಳು), ಕೊನೆಗೆ ಕುಲುಮೆಯ ಸುಳ್ಳು ಲೆಕ್ಕ, ಇವೆಲ್ಲವೂ ಅದೇ ಸಪಾಟು ಗೆರೆಯನ್ನೇ ಕೊಡಬಲ್ಲವು. ಹಾಗಾಗಿ ಗ್ರೇನನ್ನು ದೂರುವುದನ್ನು ಕೊನೆಗಿಟ್ಟುಕೊಂಡು ಒಂದೊಂದನ್ನೇ ತಳ್ಳಿಹಾಕುತ್ತ ಬರುವುದು ನನ್ನ ರೂಢಿ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗ್ರೇನ್ ಚಿಕ್ಕದಾದರೆ ಆಗುವುದೇನು

ಹುಡುಕುವುದಕ್ಕೆ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂದು ಗೊತ್ತಿರಬೇಕು. ಬಿಸಿಯಲ್ಲಿರುವ ಆಸ್ಟೆನೈಟ್ ತಣಿದು ಮಾರ್ಟೆನ್ಸೈಟ್ ಆಗುವಾಗ ಹರಳಿನ ಜಾಲರಿಯ ಆಕಾರವೇ ಬದಲಾಗುತ್ತದೆ. ಕೆಲವು ದಿಕ್ಕುಗಳಲ್ಲಿ ಈ ಹಿಗ್ಗು-ಕುಗ್ಗು ಶೇಕಡಾ 10ರ ಹತ್ತಿರ ಹೋಗುತ್ತದೆ. ದೊಡ್ಡ ಗ್ರೇನಿನಲ್ಲಿ ಇದಕ್ಕೆ ಸುಲಭ ಉಪಾಯವಿದೆ: ಎದುರುಬದುರು ವಾಲಿದ ಅವಳಿ ಪಟ್ಟಿಗಳು, ಅಂದರೆ ಟ್ವಿನ್‌ಗಳು, ಒಂದರ ಪಕ್ಕ ಒಂದು ಕೂತು ಪರಸ್ಪರರ ಒತ್ತಡವನ್ನು ಬಹುಪಾಲು ಕಳೆದುಬಿಡುತ್ತವೆ. ಗ್ರೇನ್ ಕಿರಿದಾಗುತ್ತ ಹೋದಂತೆ ಸುತ್ತಲಿನ ಗ್ರೇನ್‌ಗಳು ಇಕ್ಕಳದಂತೆ ಹಿಡಿದುಕೊಳ್ಳುತ್ತವೆ. ಟ್ವಿನ್ ಪಟ್ಟಿಗಳು ಇನ್ನೂ ಸಣ್ಣಗಾಗಬೇಕು, ಸಣ್ಣಗಾದಷ್ಟೂ ಅವುಗಳ ನಡುವಿನ ಗಡಿಗಳು ಹೆಚ್ಚು. ಪ್ರತಿ ಗಡಿಗೂ ಶಕ್ತಿಯ ಬೆಲೆ ತೆರಬೇಕು.

ವೈಟ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಟಿ.ಇ.ಎಂ. (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕೆಲಸ ಈ ವಿಷಯದಲ್ಲಿ ಈಗಲೂ ಮೊದಲ ಆಧಾರ. ಭಾರೀ ಒತ್ತಡದಲ್ಲಿ ತಿರುಚಿ ಆಮೇಲೆ ಕಾಯಿಸಿದ ನೈಟಿನಾಲ್‌ನಲ್ಲಿ, ಸುಮಾರು 50-60 ನ್ಯಾನೊಮೀಟರ್‌ಗಿಂತ ಚಿಕ್ಕ ಗ್ರೇನ್‌ಗಳು ಮಾರ್ಟೆನ್ಸೈಟ್ ಆಗಲು ಒಪ್ಪಲಿಲ್ಲ. ಅವುಗಳಲ್ಲಿ ಮಧ್ಯದ ಮೆಟ್ಟಿಲಾದ ಆರ್-ಫೇಸ್ ಮಾತ್ರ ಕಂಡಿತು. ಆರ್-ಫೇಸ್‌ಗೆ ಬೇಕಾದ ಆಕಾರ ಬದಲಾವಣೆ ಶೇಕಡಾ 1ರ ಸುತ್ತಮುತ್ತ ಅಷ್ಟೆ, ಇಕ್ಕಳದ ಬಿಗಿಯಲ್ಲೂ ಅದು ನುಸುಳಿಕೊಳ್ಳುತ್ತದೆ. ಇನ್ನೂ ಕೆಳಗೆ, 15 ನ್ಯಾನೊಮೀಟರಿನತ್ತ ಹೋದಂತೆ ಅದೂ ಮಂಕಾಗುತ್ತದೆ. ನ್ಯಾನೊ ಗ್ರೇನಿನಲ್ಲಿ ಹುಟ್ಟುವ ಮಾರ್ಟೆನ್ಸೈಟ್‌ನ ಟ್ವಿನ್‌ಗಳ ಜಾತಿಯೂ ಬೇರೆ. ದಪ್ಪ ಲೋಹದಲ್ಲಿ ಸಾಮಾನ್ಯವಾಗಿ ಕಾಣುವ ಎರಡನೇ ಬಗೆಯ ಟ್ವಿನ್‌ಗಳ ಜಾಗದಲ್ಲಿ (001) ತಲದ ಮೇಲಿನ ಕಾಂಪೌಂಡ್ ಟ್ವಿನ್‌ಗಳಿರುತ್ತವೆ, ಕೆಲವೇ ನ್ಯಾನೊಮೀಟರ್ ಅಗಲದವು.

ಬೆರಳ ಮೇಲೆ ಲೆಕ್ಕ ಮಾಡಿದರೆ ಇದರ ತೂಕ ತಿಳಿಯುತ್ತದೆ. ಬದಲಾವಣೆಯ ಗುಪ್ತೋಷ್ಣ ಗ್ರಾಂಗೆ 24 ಜೂಲ್, ಸಮತೋಲದ ತಾಪ 330 ಕೆಲ್ವಿನ್, ಸಾಂದ್ರತೆ ಘನ ಸೆಂಟಿಮೀಟರಿಗೆ 6.45 ಗ್ರಾಂ ಎಂದಿಟ್ಟುಕೊಂಡರೆ, ಒಂದೊಂದು ಡಿಗ್ರಿ ಹೆಚ್ಚು ತಣಿಸಿದಾಗಲೂ ಸಿಗುವ ಒತ್ತಾಸೆ ಘನ ಮೀಟರಿಗೆ ಸುಮಾರು 0.47 ಮೆಗಾಜೂಲ್. ಗ್ರೇನಿನ ಇಕ್ಕಳ 50 ಮೆಗಾಜೂಲ್‌ನ ಅಡ್ಡಗೋಡೆ ಹಾಕಿತು ಅಂತಿಟ್ಟುಕೊಳ್ಳಿ. ಅದನ್ನು ದಾಟಲು ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿಯಬೇಕು. ಅಂದರೆ 40 ಡಿಗ್ರಿಯಲ್ಲಿದ್ದ ಪೀಕ್ ಮೈನಸ್ 60ರ ಆಚೆ ಹೋಗಿ ಕೂತಿರುತ್ತದೆ. ನಾನು ನಿಲ್ಲಿಸಿದ್ದು ಮೈನಸ್ 50ಕ್ಕೆ! "ಬರಲೇ ಇಲ್ಲ" ಅನ್ನುವುದಕ್ಕೂ "ನಾನು ನೋಡಿದ ಜಾಗದಲ್ಲಿ ಬರಲಿಲ್ಲ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲು ಯಂತ್ರದ ಕಡೆ ನೋಡಿ

ನನ್ನ ಚೂರಿನ ತೂಕ 4 ಮಿಲಿಗ್ರಾಂ. ರೋಲ್ ಮಾಡುವ ಮೊದಲಿನ ತುಂಡಿಗೂ ಅಷ್ಟೇ ತೂಕ ಹಾಕಿದ್ದೆ, ಆಗ ಪೀಕ್ ಚೆನ್ನಾಗಿಯೇ ಕಂಡಿತ್ತು. ಹಾಗಾದರೆ ಈಗೇನು ಕೇಡು?

ಕೇಡು ಪೀಕಿನ ಅಗಲದಲ್ಲಿದೆ. ದೊಡ್ಡ ಗ್ರೇನಿನ ಲೋಹ 24 ಜೂಲನ್ನು 15 ಡಿಗ್ರಿಯ ಒಳಗೇ ಸುರಿದುಬಿಡುತ್ತದೆ. ನಿಮಿಷಕ್ಕೆ 10 ಡಿಗ್ರಿ ವೇಗದಲ್ಲಿ ಅದು ಗ್ರಾಂಗೆ 0.27 ವ್ಯಾಟ್, 4 ಮಿಲಿಗ್ರಾಂ ಚೂರಿಗೆ 1 ಮಿಲಿವ್ಯಾಟ್‌ಗೂ ಸ್ವಲ್ಪ ಹೆಚ್ಚು. ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ನ್ಯಾನೊ ಗ್ರೇನಿನ ಲೋಹದಲ್ಲಿ ಒಂದೊಂದು ಗಾತ್ರದ ಗ್ರೇನಿಗೂ ತನ್ನದೇ ಆರಂಭದ ತಾಪ. ಆರ್-ಫೇಸ್‌ನ 5 ಜೂಲ್ 40 ಡಿಗ್ರಿಯ ಉದ್ದಕ್ಕೂ ಹರಡಿಕೊಂಡರೆ ಗ್ರಾಂಗೆ 0.02 ವ್ಯಾಟ್, ನನ್ನ ಚೂರಿಗೆ 0.08 ಮಿಲಿವ್ಯಾಟ್. ಬೇಸ್‌ಲೈನ್ ತುಸು ಬಾಗಿದ್ದರೂ ಸಾಕು, ಅಷ್ಟು ಅದರೊಳಗೆ ಕರಗಿಹೋಗುತ್ತದೆ.

ಹಾಗಾಗಿ ಚೂರಿನ ತೂಕ 25 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಲಿ, ತಳ ಚಪ್ಪಟೆಯಾಗಿ ಪ್ಯಾನಿಗೆ ಅಂಟಿ ಕೂರಲಿ. ಖಾಲಿ ಪ್ಯಾನಿನ ಗೆರೆಯನ್ನು ಅದೇ ದಿನ ತೆಗೆದು ಕಳೆಯಿರಿ. ದ್ರವ ಸಾರಜನಕದ ವ್ಯವಸ್ಥೆ ಇದ್ದರೆ ಮೈನಸ್ 150ರ ತನಕ ಹೋಗಿ. ಇನ್ನೊಂದು ಮಾತು: ಚೂರನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚು ಜಜ್ಜಿಹೋಗುತ್ತದೆ, ತೆಳು ಪಟ್ಟಿಯಲ್ಲಿ ಅಂಚೇ ಚೂರಿನ ಕಾಲು ಭಾಗ ಆದೀತು. ನಿಧಾನಗತಿಯ ಡೈಮಂಡ್ ಬ್ಲೇಡ್ ಬಳಸಿ.

ಸುತ್ತು ಎರಡು ಸಲ ಓಡಿಸಿ, ಮೊದಲನೇ ಕಾಯಿಸುವಿಕೆಯನ್ನು 200 ಡಿಗ್ರಿಯ ತನಕ ಒಯ್ಯಿರಿ. ರೋಲಿಂಗ್‌ನ ಏಟಿಗೆ ಹುಟ್ಟಿದ ಮಾರ್ಟೆನ್ಸೈಟ್ ಮೊಂಡು ಬೀಳುತ್ತದೆ, ಮಾಮೂಲಿ ತಾಪದಲ್ಲಿ ಆಸ್ಟೆನೈಟ್‌ಗೆ ಮರಳುವುದಿಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌-ಕಿರಣದ ಡಿಫ್ರಾಕ್ಷನ್) ಮಾರ್ಟೆನ್ಸೈಟ್ ಕಾಣುತ್ತಿದೆ, ಡಿ.ಎಸ್.ಸಿ.ಯಲ್ಲಿ ಏನೂ ಇಲ್ಲ ಎಂಬ ಗೊಂದಲಕ್ಕೆ ಬಹಳ ಸಲ ಇದೇ ಮೂಲ. ಆದರೆ 200 ದಾಟಿ ಮೇಲೆ ಹೋಗಬೇಡಿ. ಜೋರು ರೋಲಿಂಗ್‌ನಲ್ಲಿ ಒಂದಷ್ಟು ಭಾಗ ಅಸ್ಫಟಿಕವಾಗಿರುತ್ತದೆ. 300 ದಾಟಿದರೆ ಅದು ಹರಳುಗಟ್ಟತೊಡಗಬಹುದು, ಆಗ ನೀವು ಅಳೆಯಹೊರಟ ವಸ್ತುವೇ ಬದಲಾಗಿರುತ್ತದೆ.

ಒಂದು ಚೂರನ್ನು ಬಲಿ ಕೊಡಿ

ಇಡೀ ಹುಡುಕಾಟದಲ್ಲಿ ಒಂದೇ ಪರೀಕ್ಷೆಗೆ ಅವಕಾಶ ಎಂದರೆ ನಾನು ಆರಿಸುವುದು ಇದನ್ನೇ. ಅದೇ ಪಟ್ಟಿಯ ಒಂದು ಚೂರನ್ನು ಟೈಟೇನಿಯಂ ಸ್ಪಂಜಿನ ತುಣುಕಿನೊಡನೆ ಕ್ವಾರ್ಟ್ಜ್ ನಳಿಗೆಯಲ್ಲಿ ನಿರ್ವಾತ ಮಾಡಿ ಮುಚ್ಚಿ, 800 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ನಳಿಗೆಯನ್ನು ನೀರೊಳಗೇ ಒಡೆದು ಥಟ್ಟನೆ ತಣಿಸಿ. ಸ್ಪಂಜು ಉಳಿದ ಆಮ್ಲಜನಕವನ್ನು ನುಂಗಲು, ಥಟ್ಟನೆ ತಣಿಸುವುದು ದಾರಿಯಲ್ಲಿ ಅವಕ್ಷೇಪ ಹುಟ್ಟದಿರಲು. ಇಷ್ಟಾದರೆ ಗ್ರೇನ್‌ಗಳು ಮೈಕ್ರಾನ್ ಗಾತ್ರಕ್ಕೆ ಬೆಳೆದಿರುತ್ತವೆ, ಡಿಸ್‌ಲೊಕೇಶನ್‌ಗಳು ಅಳಿಸಿಹೋಗಿರುತ್ತವೆ, ಅವಕ್ಷೇಪಗಳು ಕರಗಿರುತ್ತವೆ. ಉಳಿಯುವುದು ಸಂಯೋಜನೆ ಒಂದೇ.

ಪೀಕ್ ಮೊದಲಿನ 40 ಡಿಗ್ರಿಗೇ ಮರಳಿದರೆ ಸಂಯೋಜನೆ ನಿರ್ದೋಷಿ, ತೊಂದರೆ ಒಳರಚನೆಯದು. ಮರಳಲಿಲ್ಲ, ಅಥವಾ ಬಹಳ ಕೆಳಗೆ ಬಂತು ಎಂದರೆ ಗ್ರೇನ್ ಮಾತನ್ನು ಅಲ್ಲಿಗೇ ಬಿಡಿ. ನಿಕ್ಕಲ್ 50 ಪರಮಾಣು ಶೇಕಡಾ ದಾಟಿದ ಮೇಲೆ ಪ್ರತಿ 0.1 ಹೆಚ್ಚಳಕ್ಕೂ ಆರಂಭದ ತಾಪ ಹತ್ತು-ಇಪ್ಪತ್ತು ಡಿಗ್ರಿಯ ಲೆಕ್ಕದಲ್ಲಿ ಜಾರುತ್ತದೆ. ಇಷ್ಟು ಸೂಕ್ಷ್ಮ ಅಂತರವನ್ನು ಇ.ಡಿ.ಎಸ್. (ಮೈಕ್ರೊಸ್ಕೋಪಿನಲ್ಲಿ ಎಕ್ಸ್‌-ಕಿರಣದಿಂದ ಸಂಯೋಜನೆ ಅಳೆಯುವ ಕ್ರಮ) ಹಿಡಿಯಲಾರದು, ಅದರ ದೋಷವೇ ಇದಕ್ಕಿಂತ ದೊಡ್ಡದು. ಸಾಮಾನ್ಯ ಅಪರಾಧಿ ಗಾಳಿಯಲ್ಲಿ ಮಾಡಿದ ಅನೀಲ್. ಆಮ್ಲಜನಕ ಟೈಟೇನಿಯಂ ಅನ್ನೇ ಹೆಕ್ಕಿ ತೆಗೆದು ಆಕ್ಸೈಡ್ ಕಟ್ಟುತ್ತದೆ, ಉಳಿದ ಲೋಹದಲ್ಲಿ ನಿಕ್ಕಲ್‌ನ ಪಾಲು ಏರುತ್ತದೆ. ದಪ್ಪ ತಂತಿಗೆ ಇದು ಲೆಕ್ಕಕ್ಕಿಲ್ಲ. ಕೆಲವೇ ಮೈಕ್ರಾನ್‌ನ ಫಿಲ್ಮಿಗೆ ಇದು ಮಾರಕ.

ನನ್ನ ಚೂರು 38 ಡಿಗ್ರಿಗೆ ಮರಳಿತು.

ಮೂವರು ಶಂಕಿತರು, ಒಂದೇ ಮುಖ

ಇನ್ನು ಕಷ್ಟದ ಭಾಗ. ಚಿಕ್ಕ ಗ್ರೇನ್, ಡಿಸ್‌ಲೊಕೇಶನ್‌ಗಳ ದಟ್ಟಣೆ, ನಿಕ್ಕಲ್ ಹೆಚ್ಚಿರುವ ಅವಕ್ಷೇಪ, ಈ ಮೂರೂ ಒಂದೇ ಕೆಲಸ ಮಾಡುತ್ತವೆ: ಮಾರ್ಟೆನ್ಸೈಟನ್ನು ಕೆಳಕ್ಕೆ ದೂಡುತ್ತವೆ, ಆರ್-ಫೇಸನ್ನು ಮುಂದಕ್ಕೆ ತರುತ್ತವೆ. ಡಿ.ಎಸ್.ಸಿ. ಒಂದನ್ನೇ ನೋಡಿ ಇವುಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಮೊದಲು ಆರ್-ಫೇಸ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಇದಕ್ಕೆ ಡಿ.ಎಸ್.ಸಿ.ಗಿಂತ ನಾಲ್ಕು ತುದಿಯ ರೋಧ ಮಾಪನ ವಾಸಿ. ತಣಿಸುವಾಗ ಆರ್-ಫೇಸ್ ಹುಟ್ಟಿದರೆ ರೋಧ ಏರುತ್ತದೆ, ಮಾರ್ಟೆನ್ಸೈಟ್ ಹುಟ್ಟಿದರೆ ಇಳಿಯುತ್ತದೆ. ಎರಡೂ ಆದರೆ ಗೆರೆಯಲ್ಲೊಂದು ಗೂನು ಮೂಡುತ್ತದೆ. ಏರಿ, ಇಳಿಯದೆ ಹಾಗೇ ಮುಂದುವರಿದರೆ ಆರ್-ಫೇಸ್‌ಗೇ ನಿಂತಿದೆ ಎಂದರ್ಥ. ಮರಳಿ ಕಾಯಿಸಿದಾಗ ಗೆರೆ ಬಹುತೇಕ ಅದೇ ದಾರಿಯಲ್ಲಿ ಬಂದು, ಹೋಗಿ-ಬರುವ ಅಂತರ 2ರಿಂದ 5 ಡಿಗ್ರಿ ಇದ್ದರೆ ಅನುಮಾನವೇ ಬೇಡ. ಮಾರ್ಟೆನ್ಸೈಟ್ ಆಗಿದ್ದರೆ ಆ ಅಂತರ 20-40 ಡಿಗ್ರಿ ಇರುತ್ತಿತ್ತು. ನನ್ನ ಪಟ್ಟಿಯಲ್ಲಿ ರೋಧ 30 ಡಿಗ್ರಿಯ ಹತ್ತಿರ ಏರಲು ಶುರುವಾಗಿ, ಮೈನಸ್ 50ರಲ್ಲೂ ಇಳಿಯುವ ಸೂಚನೆ ಕೊಡಲಿಲ್ಲ. ಸಪಾಟು ಗೆರೆ ಸಪಾಟಾಗಿರಲಿಲ್ಲ, 4 ಮಿಲಿಗ್ರಾಂ ಅದನ್ನು ಮುಚ್ಚಿಟ್ಟಿತ್ತು.

ಅವಕ್ಷೇಪವನ್ನು ಹಿಡಿಯಲು ಸಮಯದ ಮೆಟ್ಟಿಲು ಹತ್ತಬೇಕು. ಒಂದೇ ತಾಪದಲ್ಲಿ, ಉದಾಹರಣೆಗೆ 400 ಡಿಗ್ರಿಯಲ್ಲಿ, ಅರ್ಧ ಗಂಟೆ, 2 ಗಂಟೆ, 10 ಗಂಟೆ ಇಟ್ಟ ಮೂರು ಚೂರು ಮಾಡಿ. ಅಷ್ಟು ಕಡಿಮೆ ತಾಪದಲ್ಲಿ ಗ್ರೇನ್ ಬೆಳವಣಿಗೆ ಬೇಗ ಮಂದವಾಗುತ್ತದೆ, ಆಮೇಲೆ ಸಮಯ ಸುರಿದರೂ ಹೆಚ್ಚು ಬದಲಾಗದು. ಅವಕ್ಷೇಪ ಹಾಗಲ್ಲ, ಸಮಯ ಸಿಕ್ಕಷ್ಟೂ ಸುತ್ತಲಿನ ನಿಕ್ಕಲ್ ಹೀರುತ್ತಲೇ ಇರುತ್ತದೆ, ಆರ್-ಫೇಸ್‌ನ ತಾಪ ಏರುತ್ತಲೇ ಹೋಗುತ್ತದೆ. ಏರಿದರೆ ಅವಕ್ಷೇಪ, ನಿಂತರೆ ಅಲ್ಲ. ಟಿ.ಇ.ಎಂ. ಸಿಕ್ಕರೆ ಇನ್ನೂ ನೇರ ಸಾಕ್ಷ್ಯ ಸಿಗುತ್ತದೆ: ಡಿಫ್ರಾಕ್ಷನ್ ಚಿತ್ರದಲ್ಲಿ ಆರ್-ಫೇಸ್‌ನ ಹೆಚ್ಚುವರಿ ಚುಕ್ಕಿಗಳು [110] ದಿಕ್ಕಿನ ಮೂರನೇ ಒಂದರಲ್ಲಿ ಬೀಳುತ್ತವೆ, ನಾಲ್ಕು ನಿಕ್ಕಲ್‌ಗೆ ಮೂರು ಟೈಟೇನಿಯಂ ಇರುವ ಅವಕ್ಷೇಪದ ಚುಕ್ಕಿಗಳು [321] ದಿಕ್ಕಿನ ಏಳನೇ ಒಂದರಲ್ಲಿ. ಸುಮಾರು 150 ನ್ಯಾನೊಮೀಟರ್‌ಗಿಂತ ಚಿಕ್ಕ ಗ್ರೇನ್‌ಗಳ ಒಳಗೆ ಈ ಅವಕ್ಷೇಪ ಹುಟ್ಟುವುದೇ ಅಪರೂಪ ಎಂಬುದನ್ನೂ ನೆನಪಿಡಿ. ದಪ್ಪ ಗ್ರೇನಿನ ಕೋಷ್ಟಕ ನೋಡಿ ಏಜಿಂಗ್ (ಅವಕ್ಷೇಪ ಹುಟ್ಟಿಸಲು ಕಾಯಿಸಿಡುವುದು) ಮಾಡಿದವರು ನ್ಯಾನೊ ಲೋಹದಲ್ಲಿ ಫಲ ಕಾಣದೆ ತಲೆ ಕೆರೆದುಕೊಳ್ಳುವುದು ಇದಕ್ಕೇ.

ಡಿಸ್‌ಲೊಕೇಶನ್ ಪತ್ತೆಗೆ ಎಕ್ಸ್‌ಆರ್‌ಡಿ ಸಾಕು. ಗ್ರೇನ್ ಚಿಕ್ಕದಾಗಿದ್ದರಿಂದ ಬರುವ ಅಗಲ ಕೋನದ ಕೊಸೈನ್‌ಗೆ ವಿಲೋಮವಾಗಿ ಏರುತ್ತದೆ, ಒಳ ಬಿಗಿತದಿಂದ ಬರುವ ಅಗಲ ಟ್ಯಾಂಜೆಂಟ್‌ನಂತೆ. ದೂರದ ಕೋನದ ಪೀಕ್‌ಗಳು ಹತ್ತಿರದವಕ್ಕಿಂತ ವಿಪರೀತ ಅಗಲವಾಗಿದ್ದರೆ ಡಿಸ್‌ಲೊಕೇಶನ್‌ಗಳು ಇನ್ನೂ ಬೀಡುಬಿಟ್ಟಿವೆ.

ಗ್ರೇನ್ ಅಳೆಯುವಾಗ ಆಗುವ ಮೋಸ

ಎಕ್ಸ್‌ಆರ್‌ಡಿ ಪೀಕಿನ ಅಗಲದಿಂದ ಗಾತ್ರ ಲೆಕ್ಕ ಹಾಕುವ ಶೆರರ್ ಸೂತ್ರ ಬಳಸಿ "ಗ್ರೇನ್ 22 ನ್ಯಾನೊಮೀಟರ್" ಎಂದು ಬರೆದುಬಿಡುವವರಿಗೆ ನನ್ನದೊಂದು ಕಳಕಳಿಯ ಮಾತು. ಆ ಸೂತ್ರ ಹೇಳುವುದು ಎಕ್ಸ್‌-ಕಿರಣ ಒಂದೇ ಹರಳೆಂದು ಗುರುತಿಸುವ ತುಣುಕಿನ ಗಾತ್ರ. ಡಿಸ್‌ಲೊಕೇಶನ್‌ಗಳ ಗೋಡೆಯಿಂದ ಹೋಳಾದ ಒಂದೇ ಗ್ರೇನನ್ನು ಅದು ನಾಲ್ಕಾಗಿ ಎಣಿಸಬಹುದು. ಮೇಲಿನ ಮಿತಿಯೂ ಇದೆ. ತಾಮ್ರದ ಕಿರಣದಲ್ಲಿ 42.4 ಡಿಗ್ರಿಯ ಬಳಿ ಬರುವ ಆಸ್ಟೆನೈಟ್ (110) ಪೀಕ್‌ಗೆ 20 ನ್ಯಾನೊಮೀಟರ್ ಗ್ರೇನ್ 0.43 ಡಿಗ್ರಿ ಅಗಲ ಕೊಡುತ್ತದೆ, 50ಕ್ಕೆ 0.17, 100ಕ್ಕೆ 0.085. ಯಂತ್ರದ್ದೇ ಅಗಲ 0.1 ಡಿಗ್ರಿಯ ಆಸುಪಾಸಿನಲ್ಲಿರುವಾಗ 100 ನ್ಯಾನೊಮೀಟರ್ ಎಂಬ ಉತ್ತರ ಬರೀ ಊಹೆ. ನಮಗೆ ಬೇಕಾದ ಗಡಿ ಇರುವುದು 50ರಿಂದ 150ರ ನಡುವೆ, ಸೂತ್ರ ಕೈಕೊಡುವುದೂ ಅಲ್ಲೇ. ಆರ್-ಫೇಸ್ ಆದಾಗ ಇದೇ ಪೀಕ್ ಎರಡಾಗಿ ಸೀಳಬೇಕು, ಚಿಕ್ಕ ಗ್ರೇನಿನಲ್ಲಿ ಆ ಸೀಳು ಅಗಲದೊಳಗೇ ಮುಚ್ಚಿಹೋಗುತ್ತದೆ.

ಟಿ.ಇ.ಎಂ. ಡಾರ್ಕ್ ಫೀಲ್ಡ್‌ನಲ್ಲಿ (ಆಯ್ದ ಹರಳುಗಳು ಮಾತ್ರ ಬೆಳಗುವ ಚಿತ್ರ) ಎಣಿಸಿದರೂ ಸರಾಸರಿಯನ್ನು ನಂಬಬೇಡಿ. ಇಲ್ಲಿ ಒಂದು ಲೆಕ್ಕ ನೋಡಿ. ನೂರು ಗ್ರೇನ್ ಎಣಿಸಿದಿರಿ, 90 ಗ್ರೇನ್ 30 ನ್ಯಾನೊಮೀಟರಿನವು, 10 ಗ್ರೇನ್ 120ರವು. ಸರಾಸರಿ 39. "50ಕ್ಕಿಂತ ಕಡಿಮೆ, ಮಾರ್ಟೆನ್ಸೈಟ್ ಬರದು" ಎಂದು ಬರೆದುಕೊಳ್ಳುತ್ತೀರಿ. ಆದರೆ ಗಾತ್ರ ಘನದಲ್ಲಿ ಬೆಳೆಯುತ್ತದೆ. ಆ ಹತ್ತೇ ಗ್ರೇನ್‌ಗಳು ಲೋಹದ ಶೇಕಡಾ 88 ಭಾಗವನ್ನು ತುಂಬಿಕೊಂಡಿವೆ, ಡಿ.ಎಸ್.ಸಿ.ಗೆ ಶಾಖ ಕೊಡುವುದು ಅವೇ. ಎಣಿಕೆಯ ಸರಾಸರಿ ಬರೆದವರ ಫಲಿತಾಂಶ, ಘನ ಗಾತ್ರದ ಸರಾಸರಿ ಬರೆದವರ ಫಲಿತಾಂಶ ಹೊಂದದೆ ಇಬ್ಬರೂ ಕಿತ್ತಾಡುವುದನ್ನು ನೋಡಿದ್ದೇನೆ. ಅಳತೆಯಲ್ಲಿ ಇಬ್ಬರದ್ದೂ ತಪ್ಪಿರಲಿಲ್ಲ. ಸರಾಸರಿಯ ಬದಲು 60 ನ್ಯಾನೊಮೀಟರ್‌ಗಿಂತ ಮೇಲಿರುವ ಗ್ರೇನ್‌ಗಳು ಎಷ್ಟು ಭಾಗ ತುಂಬಿವೆ ಎಂದು ಬರೆದರೆ ಡಿ.ಎಸ್.ಸಿ. ಜತೆ ತಾಳೆ ನೋಡಬಹುದು.

ಟಿ.ಇ.ಎಂ.ಗಾಗಿ ತಯಾರಿಸುವ ತೆಳು ಹಾಳೆಯದ್ದು ಇನ್ನೊಂದು ಕಿತಾಪತಿ. ಹಾಳೆ ಸುಮಾರು 100 ನ್ಯಾನೊಮೀಟರ್ ದಪ್ಪ ಎಂದರೆ 120ರ ಗ್ರೇನಿಗೆ ಎರಡೂ ಕಡೆ ತೆರೆದ ಮೈ, ಇಕ್ಕಳ ಸಡಿಲ, ದಪ್ಪ ಲೋಹದಲ್ಲಿ ಆಗದ ಬದಲಾವಣೆ ಇಲ್ಲಿ ಆಗಿಬಿಡಬಹುದು. ಜೊತೆಗೆ, ಹಾಳೆ ತಯಾರಿಸುವ ಎಲೆಕ್ಟ್ರೊಪಾಲಿಶ್ ದ್ರಾವಣ ಮೈನಸ್ 30 ಡಿಗ್ರಿಯಲ್ಲಿರುತ್ತದೆ. ಅಲ್ಲಿ ಹುಟ್ಟಿದ ಮಾರ್ಟೆನ್ಸೈಟ್ ಕೋಣೆಯ ತಾಪಕ್ಕೆ ಬಂದರೂ ಹಾಗೇ ಉಳಿದು ನಿಮ್ಮ ಕಣ್ಣಿಗೆ ಬೀಳುತ್ತದೆ. ಮೈಕ್ರೊಸ್ಕೋಪಿಗೆ ಹಾಕುವ ಮುನ್ನ ಹಾಳೆಯನ್ನು 100 ಡಿಗ್ರಿಗೆ ಕಾಯಿಸಿ ಮತ್ತೆ ಕೋಣೆಯ ತಾಪಕ್ಕೆ ತನ್ನಿ.

ಅಂದಹಾಗೆ, ಗ್ರೇನ್ ಚಿಕ್ಕದಾದರೆ ಬದಲಾವಣೆ ತಡವಾಗುವುದು ನೈಟಿನಾಲ್ ಒಂದರ ಕಥೆಯಲ್ಲ, ಆದರೆ ಕಾರಣ ಎಲ್ಲೆಡೆ ಒಂದೇ ಅಲ್ಲ. ಸೆಕ್ ಮತ್ತು ಟರ್ನ್‌ಬುಲ್ 1956ರಲ್ಲಿ ಶೇಕಡಾ 30 ನಿಕ್ಕಲ್ ಇರುವ ಕಬ್ಬಿಣದ ಸಣ್ಣ ಪುಡಿಯಲ್ಲಿ ತೋರಿಸಿದ್ದು ಬೇರೆ ಸಂಗತಿ: ಕಣ ಚಿಕ್ಕದಾದಷ್ಟೂ ಬದಲಾವಣೆಗೆ ಬೀಜವಾಗುವ ದೋಷ ಅದರೊಳಗೆ ಇರುವ ಸಂಭವವೇ ಕಡಿಮೆ. ಅಲ್ಲಿ ಸುತ್ತಲಿನ ಇಕ್ಕಳವೇ ಇರಲಿಲ್ಲ. 420 ಡಿಗ್ರಿಯ ಸುಮಾರಿಗೆ ಜಾಲರಿ ಬದಲಿಸಬೇಕಾದ ಕೋಬಾಲ್ಟ್, ನುಣ್ಣನೆಯ ಕಣವಾದರೆ ಬಿಸಿಯ ರೂಪವನ್ನೇ ಕೋಣೆಯ ತಾಪದಲ್ಲೂ ಹಿಡಿದುಕೊಂಡಿರುತ್ತದೆ, ಅದರಲ್ಲಿ ಮೇಲ್ಮೈ ಶಕ್ತಿಯ ಕೈವಾಡವಿದೆ. ಪುಡಿಯ ಅಂಕಿಗಳನ್ನು ತಂದು ಪಟ್ಟಿಗೆ ಅಂಟಿಸಬೇಡಿ.

ಕೊನೆಗೆ ಕುಲುಮೆ

ಇಷ್ಟೆಲ್ಲ ಆದಮೇಲೆ ಶಂಕಿತರಲ್ಲಿ ಉಳಿದದ್ದು ಗ್ರೇನ್ ಮಾತ್ರ. ಸಮಯದ ಮೆಟ್ಟಿಲಿನಲ್ಲಿ ಆರ್-ಫೇಸ್ ತಾಪ ಏರಲಿಲ್ಲ, ಒಳ ಬಿಗಿತ ಸಾಧಾರಣ. ಡಾರ್ಕ್ ಫೀಲ್ಡ್‌ನಲ್ಲಿ ಬಹುತೇಕ ಗ್ರೇನ್‌ಗಳು 25ರಿಂದ 40ರೊಳಗೆ, 60 ದಾಟಿದವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದರೆ 450 ಡಿಗ್ರಿಗೆ ಇಷ್ಟು ಚಿಕ್ಕದಾಗಿ ಉಳಿಯಬಾರದಿತ್ತು. ಗ್ರೇನ್ ಬೆಳವಣಿಗೆ ಸಮಯಕ್ಕಿಂತ ತಾಪಕ್ಕೆ ಹೆಚ್ಚು ಬಗ್ಗುತ್ತದೆ, ಅರ್ಧ ಗಂಟೆಯ ಬದಲು ಒಂದು ಗಂಟೆ ಇಟ್ಟರೆ ಸಿಗದ ವ್ಯತ್ಯಾಸ 40 ಡಿಗ್ರಿ ಏರಿಸಿದರೆ ಸಿಗುತ್ತದೆ. ಹಾಗಾದರೆ ಅನುಮಾನ ತಾಪದ ಮೇಲೆ.

ಉದ್ದನೆಯ ಥರ್ಮೊಕಪಲ್ ಒಂದನ್ನು ತಂದು, ತುದಿಯನ್ನು ಚೂರು ಇಡುವ ದೋಣಿಗೇ ತಂತಿಯಿಂದ ಕಟ್ಟಿ ಒಳಗೆ ತಳ್ಳಿದೆ. ಫಲಕ 450 ತೋರಿಸುತ್ತಿತ್ತು, ದೋಣಿಯಲ್ಲಿ 388. ನಾನು ದೋಣಿಯನ್ನು ಪ್ರತಿ ಸಲವೂ ನಳಿಗೆಯ ಬಾಯಿಯ ಕಡೆ, ನಡುವಿನಿಂದ ಒಂದು ಗೇಣು ಆಚೆ ಇಡುತ್ತಿದ್ದೆ, ತೆಗೆಯಲು ಸುಲಭ ಎಂದು. ಫಲಕದ ಥರ್ಮೊಕಪಲ್ ಇದ್ದದ್ದು ನಟ್ಟನಡುವೆ.

ದೋಣಿಯನ್ನು ನಡುವಿಗೆ ಸರಿಸಿ, ದೋಣಿಯಲ್ಲೇ 450 ಓದುವಂತೆ ಮಾಡಿ, ಅದೇ ಪಟ್ಟಿಯ ಹೊಸ ಚೂರನ್ನು ಅರ್ಧ ಗಂಟೆ ಇಟ್ಟೆ. ಈ ಸಲ 26 ಮಿಲಿಗ್ರಾಂ. 33 ಡಿಗ್ರಿಯಲ್ಲಿ ಆರ್-ಫೇಸ್‌ನ ಸಣ್ಣ ಗುಬುಟು, ಅದರ ಹಿಂದೆ ಮೈನಸ್ 10ರ ಸುತ್ತ ಉದ್ದಕ್ಕೆ ಚಾಚಿಕೊಂಡ ಮಾರ್ಟೆನ್ಸೈಟ್. ಹಳೆಯ ಚೂರಿನ ಡಬ್ಬಿಯ ಮೇಲೆ "450" ಎಂದಿದ್ದನ್ನು ಹೊಡೆದುಹಾಕಿ "388" ಎಂದು ಬರೆದಿಟ್ಟೆ. ಆರ್-ಫೇಸ್ ಒಂದೇ ಬೇಕಾದವರಿಗೆ ಆ ಚೂರು ಸರಿಯಾಗಿಯೇ ಇದೆ.